ಅನ್ನಪೂರ್ಣಾ ಬೇಸ್ ಕ್ಯಾಂಪ್: ಕಾಲಿಗೆ ಕೆಲಸ ಜಾಸ್ತಿ

ನೇಪಾಳದ ಅನ್ನಪೂರ್ಣಾ ಬೇಸ್ ಕ್ಯಾಂಪಿಗೆ ಹೋಗಿದ್ದೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: 4,130 ಮೀಟರ್ ಎತ್ತರದಲ್ಲಿ ಉಸಿರು ಕಟ್ಟಲಿಲ್ವಾ ಅಂತ. ನಿಧಾನಕ್ಕೆ ಹತ್ತಿದ್ದರಿಂದ ನನಗೆ ಅದು ಕಾಡಲಿಲ್ಲ. ಜೀವ ಹಿಂಡಿದ್ದು ಕಲ್ಲಿನ ಮೆಟ್ಟಿಲು.

ಪೋಖರಾದಿಂದ ಜೀಪಿನಲ್ಲಿ ಹೋಗಿ, ಗುರುಂಗ್ ಜನರ ಊರಾದ ಘಾಂದ್ರುಕ್‌ನಿಂದ ನಡಿಗೆ ಶುರು ಮಾಡಿದೆವು. ಏಪ್ರಿಲ್ ತಿಂಗಳು. ಕಾಡಲ್ಲಿ ಲಾಲಿಗುರಾಸ್ (ರೋಡೋಡೆಂಡ್ರಾನ್ ಹೂ) ಕೆಂಪಗೆ ಅರಳಿತ್ತು. ಮುಂದಿನ ಊರು ಛೋಮ್ರಾಂಗ್‌ನಲ್ಲಿ ನಿಂತರೆ ಎದುರು ಗುಡ್ಡದ ಸಿನುವಾ ಲಾಡ್ಜುಗಳು ಇಲ್ಲೇ ಇವೆ ಅನ್ನಿಸುತ್ತವೆ. ಆದರೆ ಮಧ್ಯೆ ಹೊಳೆ. ಸಾಲು ಮೆಟ್ಟಿಲು ಇಳಿದು, ತೂಗುಸೇತುವೆ ದಾಟಿ, ಮತ್ತೆ ಹತ್ತಬೇಕು. ವಾಪಸ್ ಬರುವಾಗಲೂ ಇದೇ ಕಥೆ. ಮೊದಲೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿದ್ದೆ. ಬಸ್ಸು ಹಿಡಿಯದೆ ನಡೆದೇ ಇಳಿಯುತ್ತಿದ್ದೆನಲ್ಲ, ಮಂಡಿ ಉಳಿಸಿದ್ದು ಅದು. ದಾರಿಯಲ್ಲಿ ಹೇಸರಗತ್ತೆಗಳು ಬಂದರೆ ಗುಡ್ಡದ ಕಡೆಗೆ ಒರಗಿ ನಿಲ್ಲಿ. ಕಣಿವೆ ಕಡೆ ನಿಂತರೆ ಮೂಟೆ ತಾಗಿ ಉರುಳಬಹುದು.

ಸಿನುವಾ ದಾಟಿದ ಮೇಲೆ ಊರಿಲ್ಲ, ಲಾಡ್ಜುಗಳಷ್ಟೇ. ಸುತ್ತ ಬಿದಿರು, ಬಲಗಡೆ ಕೆಳಗೆ ಮೋದಿ ಖೋಲಾ ಹೊಳೆಯ ಭೋರ್ಗರೆತ. ಹಣೆಗೆ ಪಟ್ಟಿ ಕಟ್ಟಿ ಹೊರೆ ಹೊತ್ತವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮೇಲೆ ದೇವರ ಜಾಗ, ಮಾಂಸ ಒಯ್ಯಬಾರದು ಎನ್ನುವುದು ಅಲ್ಲಿಯವರ ನಂಬಿಕೆ. ನನಗಂತೂ ದಾಲ್ ಭಾತ್ ಸಾಕಿತ್ತು. ಅನ್ನ, ಬೇಳೆ ಮತ್ತೆ ಮತ್ತೆ ಬಡಿಸುತ್ತಾರೆ.

ಹಿಂಕು ಗುಹೆಯಿಂದ ದೇವ್ರಾಲಿಯ ಲಾಡ್ಜುಗಳವರೆಗೆ ಮಾತ್ರ ಸುಮ್ನೆ ನಿಲ್ಲಬೇಡಿ. ಹಿಯುಂಚುಲಿ ಶಿಖರದ ಹಿಮ ಜಾರಿ ದಾರಿಗೇ ಬರುತ್ತದೆ. 2020ರ ಜನವರಿಯಲ್ಲಿ ಆ ಭಾಗದಲ್ಲೇ ಹಿಮಕುಸಿತಕ್ಕೆ ಸಿಕ್ಕಿ ಚಾರಣಿಗರು ಸತ್ತಿದ್ದರು. ಬಿಸಿಲೇರುವ ಮೊದಲೇ ದಾಟಿ. ಹಿಮ ಜಾಸ್ತಿ ಇದ್ದಾಗ ಹೊಳೆಯ ಆಚೆ ದಡದ ದಾರಿ ಹಿಡಿಯುತ್ತಾರೆ, ಲಾಡ್ಜಿನವರನ್ನು ಕೇಳಿ. ತಲೆನೋವು ಶುರುವಾದರೆ ಮೇಲೆ ಹೋಗದೆ ದೇವ್ರಾಲಿಯಲ್ಲೇ ಉಳಿಯಿರಿ. ಕಮ್ಮಿಯಾಗದಿದ್ದರೆ ಇಳಿಯಿರಿ.

ಆಮೇಲೆ ಹಿಯುಂಚುಲಿ, ಮಚ್ಛಾಪುಚ್ಛ್ರೆ ಶಿಖರಗಳ ನಡುವಿನ ಸಂದಿಯಲ್ಲಿ ನುಗ್ಗಿದರೆ ಒಳಗೆ ಬಯಲು, ಸುತ್ತ ಹಿಮದ ಗೋಡೆ. ಬೇಸ್ ಕ್ಯಾಂಪ್ ಇರುವುದು ಇಲ್ಲೇ. 8,091 ಮೀಟರಿನ ಅನ್ನಪೂರ್ಣಾದ ದಕ್ಷಿಣ ಮುಖ ಎದುರಿಗೇ. ಬ್ರಿಟಿಷ್ ಪರ್ವತಾರೋಹಿ ಕ್ರಿಸ್ ಬಾನಿಂಗ್ಟನ್ ತಂಡ 1970ರಲ್ಲಿ ಹತ್ತಿದ್ದು ಆ ಗೋಡೆಯನ್ನೇ. ನೋಡಿದರೆ ನಂಬಲಿಕ್ಕಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಮೋಡ ಎಲ್ಲ ಮುಚ್ಚುತ್ತದೆ. ಹಾಗಾಗಿ ಒಂದು ರಾತ್ರಿ ಅಲ್ಲೇ ಮಲಗಿ, ಚಳಿ ಎಷ್ಟೇ ಇರಲಿ. ಲಾಡ್ಜಿನ ಹಿಂದೆ ಹಿಮನದಿ ಕೊರೆದ ದಿಣ್ಣೆಯ ಅಂಚಿಗೆ ಹೋಗಬೇಡಿ, ಮಣ್ಣು ಸಡಿಲ.

ಇಳಿಯುವಾಗ ಝಿನು ದಾಂಡಾದಲ್ಲಿ ಬಿಸಿನೀರಿನ ಬುಗ್ಗೆ ಇದೆ. ಟವೆಲ್ ಬ್ಯಾಗಿನ ಮೇಲ್ಗಡೆಯೇ ಇಟ್ಟುಕೊಳ್ಳಿ.