ನಿಮಿಷಕ್ಕೆ 1500 ಸುತ್ತನ್ನು 60ಕ್ಕೆ ಇಳಿಸಿದ್ದು

ಬಣ್ಣ ಕಲಸಲು ಒಂದು ಡ್ರಮ್ ಮಾಡಿಕೊಂಡಿದ್ದೆ. ಕೈಯಲ್ಲಿದ್ದದ್ದು 30 ವಾಟ್‌ನ ಮೋಟರ್, ನಿಮಿಷಕ್ಕೆ 1500 ಸುತ್ತು. ಡ್ರಮ್‌ಗೆ 60 ಸಾಕು, ಅಂದರೆ ಸೆಕೆಂಡಿಗೆ ಒಂದು. ಮೊದಲು ನೇರವಾಗಿ ಜೋಡಿಸಿ ನೋಡಿದೆ. ಮೋಟರ್ ಗುಂಯ್‌ಗುಟ್ಟಿತು, ಬಿಸಿಯಾಯಿತು, ಡ್ರಮ್ ಅಲುಗಲಿಲ್ಲ.

ವೇಗ 25 ಪಟ್ಟು ಇಳಿಯಬೇಕು. ಒಂದೇ ಜೋಡಿಯಲ್ಲಿ ಮಾಡಲು ಹೊರಟರೆ 20 ಹಲ್ಲಿನ ಗೇರಿಗೆ 500 ಹಲ್ಲಿನ ಜೊತೆ ಬೇಕು. ನನ್ನಲ್ಲಿದ್ದ ಹಲ್ಲಿನ ಅಳತೆಗೆ (1 ಮಾಡ್ಯೂಲ್, ಅಂದರೆ ಪ್ರತಿ ಹಲ್ಲಿಗೆ 1 ಮಿ.ಮೀ. ವ್ಯಾಸ) ಅದರ ವ್ಯಾಸವೇ ಅರ್ಧ ಮೀಟರ್ ಆಗುತ್ತದೆ. ಹಾಗಾಗಿ 20 ಹಲ್ಲಿನದಕ್ಕೂ 100 ಹಲ್ಲಿನದಕ್ಕೂ ನಡುವೆ 50 ಹಲ್ಲಿನ ಇನ್ನೊಂದು ಗೇರ್ ತೂರಿಸಿದೆ, ವೇಗ ಮತ್ತಷ್ಟು ಇಳಿಯುತ್ತದೆ ಎಂದುಕೊಂಡು. ಎರಡೂ ತುದಿಯ ಗೇರಿಗೆ ಸೀಮೆಸುಣ್ಣದ ಗುರುತು ಹಾಕಿ ಕೈಯಿಂದ ತಿರುಗಿಸಿದೆ. ಚಿಕ್ಕದು ಸರಿಯಾಗಿ ಐದು ಸುತ್ತು ಬಂದಾಗ ದೊಡ್ಡದು ಒಂದು ಸುತ್ತು. ನಡುವಿನ ಗೇರ್ ಇದ್ದರೂ ಐದು, ತೆಗೆದರೂ ಐದು! ಎರಡೂವರೆ ಪಟ್ಟು, ಆಮೇಲೆ ಎರಡು ಪಟ್ಟು. ಗುಣಿಸಿದರೆ ಮತ್ತೆ ಐದೇ. ಅದು ಬದಲಿಸಿದ್ದು ತಿರುಗುವ ದಿಕ್ಕನ್ನು ಮಾತ್ರ.

ಏಕೆಂದು ತಿಳಿದದ್ದು ಸ್ಪ್ಯಾನರ್ ಹಿಡಿದಾಗ. ಬಿಗಿದ ನಟ್ಟು ಜಗ್ಗದಿದ್ದರೆ 15 ಸೆಂ.ಮೀ. ಹಿಡಿಕೆಗೆ ಪೈಪು ತೂರಿಸಿ 45 ಸೆಂ.ಮೀ. ಮಾಡುತ್ತೇವೆ. ಕೈಯ ಬಲ ಅಷ್ಟೇ, ನಟ್ಟಿನ ಮೇಲಿನ ತಿರುಚುಬಲ ಮೂರು ಪಟ್ಟು. ಅದಕ್ಕೆ ತಕ್ಕಂತೆ ಕೈ ಮೂರು ಪಟ್ಟು ದೂರ ಸಾಗಬೇಕು. ಗೇರಿನ ಪ್ರತಿ ಹಲ್ಲೂ ಇಂಥದೇ ಸನ್ನೆಯ ತುದಿ. ಹಲ್ಲಿಗೆ ಹಲ್ಲು ತಾಗುವಲ್ಲಿ ಎರಡೂ ಕಡೆ ಒಂದೇ ಬಲ. ದೊಡ್ಡ ಗೇರಿನಲ್ಲಿ ಆ ತುದಿ ಶಾಫ್ಟಿನಿಂದ ಐದು ಪಟ್ಟು ದೂರದಲ್ಲಿರುತ್ತದೆ. ನಡುವಿನ ಗೇರ್ ಒಂದು ಅಂಚಿನಲ್ಲಿ ಪಡೆದ ಬಲವನ್ನು ಅಷ್ಟೇ ದೂರದ ಇನ್ನೊಂದು ಅಂಚಿನಿಂದ ದಾಟಿಸುತ್ತದೆ. ಅದರ ತೋಳು ಎರಡೂ ಕಡೆ ಸಮ.

ಆಮೇಲೆ ದಾರಿ ಸುಲಭವಾಯಿತು. 100 ಹಲ್ಲಿನ ಗೇರ್ ಕೂತ ಶಾಫ್ಟಿನ ಮೇಲೆಯೇ ಇನ್ನೊಂದು 20 ಹಲ್ಲಿನದನ್ನು ಕೂರಿಸಿ, ಅದರಿಂದ ಎರಡನೆಯ 100 ಹಲ್ಲಿನದನ್ನು ತಿರುಗಿಸಿದೆ. ಐದೈದಲೇ ಇಪ್ಪತ್ತೈದು.

ಡ್ರಮ್ ತಿರುಗಿತು, ಹತ್ತು ನಿಮಿಷದಲ್ಲಿ ನಿಂತಿತು. ಗೇರುಗಳು ತಿರುಗುತ್ತಿದ್ದವು, ಕೊನೆಯ ಶಾಫ್ಟ್ ತಿರುಗುತ್ತಿರಲಿಲ್ಲ. ಮೂರೂ ಕಡೆ 8 ಮಿ.ಮೀ. ಶಾಫ್ಟ್ ಹಾಕಿ ಗೇರನ್ನು ಗ್ರಬ್ ಸ್ಕ್ರೂನಿಂದ (ಬದಿಯಿಂದ ಶಾಫ್ಟಿಗೆ ಒತ್ತುವ, ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿದಿದ್ದೆ. ನಿಧಾನದ ಶಾಫ್ಟಿನ ಮೇಲೆ 25 ಪಟ್ಟು ತಿರುಚುಬಲ ಬೀಳುತ್ತದೆ. ಸ್ಕ್ರೂ ಜಾರಿ ಶಾಫ್ಟಿನ ಸುತ್ತ ಉಂಗುರದಂತೆ ಗೀರು ಎಳೆದಿತ್ತು. ಅಲ್ಲಿಗೆ 16 ಮಿ.ಮೀ. ಶಾಫ್ಟ್ ಹಾಕಿ, ಉದ್ದಕ್ಕೆ ತೋಡು ಕೊರೆದು ಕೀ (ಗೇರ್ ಜಾರದಂತೆ ತಡೆಯುವ ಲೋಹದ ತುಂಡು) ಕೂರಿಸಿದೆ. ವೇಗ ಇಳಿದಷ್ಟೂ ಶಾಫ್ಟ್ ದಪ್ಪವಾಗಲೇಬೇಕು ಎಂಬುದನ್ನು ಈಗ ಯಾವ ಗೇರ್‌ಬಾಕ್ಸ್ ಬಿಚ್ಚಿದರೂ ಮೊದಲು ನೋಡುತ್ತೇನೆ.

ಎಷ್ಟು ತಿರುಚುಬಲ ನಿಜವಾಗಿ ತಲುಪುತ್ತಿದೆ ಎಂದು ಅಳೆಯದೆ ಸಮಾಧಾನವಾಗಲಿಲ್ಲ. ಡ್ರಮ್ ಕಳಚಿ, ಶಾಫ್ಟನ್ನು ಎರಡು ಮರದ ತುಂಡುಗಳ ನಡುವೆ ಬಿಗಿದು, ಅವಕ್ಕೆ 30 ಸೆಂ.ಮೀ. ತೋಳು ಜೋಡಿಸಿ, ತೋಳಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿದೆ. ಶಾಫ್ಟ್ ನಿಮಿಷಕ್ಕೆ 60 ಸುತ್ತಿಗೆ ಬರುವವರೆಗೆ ಬಿಗಿ ಹೊಂದಿಸಿದೆ. ಮುಳ್ಳು 1.4 ಕಿಲೋಗ್ರಾಂ ತೋರಿಸಿತು, ಅಂದರೆ ಸುಮಾರು 4.1 ನ್ಯೂಟನ್-ಮೀಟರ್. 30 ವಾಟ್, 1500 ಸುತ್ತಿನ ಲೆಕ್ಕಕ್ಕೆ ಮೋಟರಿನ ತಿರುಚುಬಲ ಸುಮಾರು 0.19 ನ್ಯೂಟನ್-ಮೀಟರ್, ಅದನ್ನು 25ರಿಂದ ಗುಣಿಸಿದರೆ 4.75 ಬರಬೇಕಿತ್ತು. ಉಳಿದದ್ದನ್ನು ಘರ್ಷಣೆ ತಿಂದಿತ್ತು. ಬೇರಿಂಗ್ ಮುಟ್ಟಿದಾಗ ಅದು ಬೆಚ್ಚಗಿತ್ತು.