ಬೇರಿಂಗ್ ಬಳೆಯಿಂದ ಉಸ್ತರಾ

ನಾನು ಮಾಡಿದ ಮೊದಲ ಉಸ್ತರಾ ನೋಡಿ ನಮ್ಮ ಓಣಿಯ ಕಟಿಂಗ್ ಅಂಗಡಿ ಕಾಕಾ ಕೇಳಿದ್ದರು: "ಇದು ಗಡ್ಡ ತೆಗಿಲಾಕೋ, ಹೊಲದಾಗ ಕಸ ತೆಗಿಲಾಕೋ ತಮ್ಮಾ?" ತಪ್ಪೇನಿಲ್ಲ, ಥೇಟ್ ಕುರ್ಪಿಯ ಹಾಗೇ ಇತ್ತು.

ಉಕ್ಕು ಬೀದರಿನ ಗುಜರಿ ಅಂಗಡಿಯಲ್ಲೇ ಸಿಗುತ್ತದೆ. ಲಾರಿಯ ಹಳೇ ಬೇರಿಂಗಿನ ಹೊರಬಳೆ. ಬೇರಿಂಗಿಗೆ ಹೆಚ್ಚಾಗಿ ಬಳಸುವುದು 52100 ಎಂಬ ಉಕ್ಕು. ಕಾರ್ಬನ್ ಸುಮಾರು ಶೇ. 1, ಕ್ರೋಮಿಯಂ ಶೇ. 1.5. ಆದರೆ ಕೆಲವು ಬೇರಿಂಗ್ ಮೇಲಷ್ಟೇ ಗಟ್ಟಿ, ಒಳಗೆ ಮೆತ್ತಗೆ. ಅದಕ್ಕೇ ಮೊದಲು ಒಂದು ಚೂರು ಕಾಯಿಸಿ, ಎಣ್ಣೆಗೆ ಅದ್ದಿ, ಮುರಿದು ನೋಡುತ್ತೇನೆ. ಗಾಜಿನ ಹಾಗೆ ಮುರಿದರೆ ಸರಿ. ಬಾಗಿದರೆ ವಾಪಸ್ ಗುಜರಿಗೆ.

ಬಳೆ ಕತ್ತರಿಸಿ, ಕುಲುಮೆಯಲ್ಲಿ ನೆಟ್ಟಗೆ ಮಾಡಿ, ಬಡಿದು, ಬೂದಿಯಲ್ಲಿ ರಾತ್ರಿಯಿಡೀ ಹುಗಿದಿಟ್ಟರೆ ಅರ ಹಾಕುವಷ್ಟು ಮೆತ್ತಗಾಗುತ್ತದೆ. ಹಿಡಿಕೆಗೆ ಜೋಡಿಸುವ ಮೊಳೆಯ ತೂತು ಆಗಲೇ ಕೊರೆಯಬೇಕು. ಹದ ಹಾಕಿದ ಮೇಲೆ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡಿದ ಮೇಲೆ, ಡ್ರಿಲ್ಲಿನ ಮೊನೆಯೇ ಮೊಂಡಾಗುತ್ತದೆ!

ಹದದಲ್ಲೇ ನಾನು ಎಡವಿದ್ದು. ಕಂಬಾರಸಾಲಿಯಲ್ಲಿ ಕುಡುಗೋಲು, ಕೊಡಲಿ ನೀರಿಗೆ ಅದ್ದುವುದನ್ನು ನೋಡಿದ್ದೆ. ನಾನೂ ನೀರಿಗೇ ಹಾಕಿದೆ. ಬಕೆಟ್‌ನೊಳಗಿಂದ "ಟಿಣ್" ಅಂತ ಒಂದು ಸಣ್ಣ ಸದ್ದು. ತೆಗೆದು ನೋಡಿದರೆ ಅಂಚಿನಿಂದ ಬೆನ್ನಿನ ತನಕ ಕೂದಲೆಳೆಯಂಥ ಬಿರುಕು. ನಾಲ್ಕು ದಿನದ ಕೆಲಸ ಹೋಯಿತು. ಈ ಉಕ್ಕಿಗೆ ಎಣ್ಣೆಯೇ ಬೇಕು. ಈಗ ಬೆಚ್ಚಗಿನ ಸೇಂಗಾ ಎಣ್ಣೆ ಬಳಸುತ್ತೇನೆ. ಅಯಸ್ಕಾಂತ ಅಂಟುವುದು ನಿಂತ ಮೇಲೂ ಇನ್ನೊಂದಿಷ್ಟು ಕಾಯಿಸಿ ಅದ್ದುವುದು. ಅಂಚು ಒಂದು ಮಿಲಿಮೀಟರ್ ದಪ್ಪವೇ ಇರಲಿ, ಮೊದಲೇ ತೆಳ್ಳಗೆ ಮಾಡಿದರೆ ಸೊಟ್ಟಗಾಗುತ್ತದೆ. ಆಮೇಲೆ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆಯಂತೆ ಎರಡು ಸಲ. ಒಣಗಿದ ಜೋಳದ ಕಣಕಿಯ ಬಣ್ಣ ಬಂದರೆ ಖುಷಿ.

ಎರಡೂ ಮಗ್ಗುಲು ಗುಳಿ ಬರುವಂತೆ ಸಾಣೆಚಕ್ರಕ್ಕೆ ಹಿಡಿಯುವಾಗ ಕೈಗವಸು ಹಾಕುವುದಿಲ್ಲ. ಬೆರಳಿಗೆ ಬಿಸಿ ತಾಗಿದ ತಕ್ಷಣ ನೀರು. ನೀಲಿ ಬಣ್ಣ ಕಂಡರೆ ಹದ ಹೋಯಿತು ಅಂತಲೇ ಲೆಕ್ಕ.

ಅಳತೆಯ ಗುಟ್ಟು ಬೆನ್ನಿನಲ್ಲಿದೆ. ಮಸೆಯುವಾಗ ಸಾಣೆಕಲ್ಲಿನ ಮೇಲೆ ಬೆನ್ನು, ಅಂಚು ಎರಡೂ ಕೂರುತ್ತವಲ್ವಾ, ಹಾಗಾಗಿ ಅಲಗಿನ ಅಗಲ 21 ಮಿಲಿಮೀಟರ್, ಬೆನ್ನು 6 ಇದ್ದರೆ ಅಂಚಿನ ಕೋನ ತಾನಾಗೇ ಸುಮಾರು 16 ಡಿಗ್ರಿ ಬರುತ್ತದೆ. ನನ್ನ ಕುರ್ಪಿಯ ಬೆನ್ನು 9 ಇತ್ತು! 1000, 5000, 8000 ನಂಬರಿನ, ಒಂದಕ್ಕಿಂತ ಒಂದು ನುಣುಪಾದ ಕಲ್ಲು ಮುಗಿಸಿ, ಕೊನೆಗೆ ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಬೆನ್ನು ಮುಂದೆ, ಅಂಚು ಹಿಂದೆ. ಉಲ್ಟಾ ಎಳೆದರೆ ಪಟ್ಟಿಯೇ ಸೀಳುತ್ತದೆ.

ಹಿಡಿಕೆಗೆ ಹಳೇ ಬಂಡಿಯ ಜಾಲಿ ಕಟ್ಟಿಗೆ. ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕೆಲಸ) ಹಾಕು ಅಂತ ಗೆಳೆಯರ ಒತ್ತಾಯ. ಅದರಲ್ಲಿ ಸತು ಜಾಸ್ತಿ, ಭಾರ. ಉಸ್ತರಾ ಹಿಂದಕ್ಕೆ ಜಗ್ಗುತ್ತದೆ. ಹಿಡಿಕೆಯ ತುದಿಯಲ್ಲಿ ಎರಡು ಹೋಳಿನ ನಡುವೆ ಒಂದು ಸಣ್ಣ ಬಿದರಿ ಚೂರು ಕೂರಿಸಿದೆ. ಕಪ್ಪಿನ ಮೇಲೆ ಬೆಳ್ಳಿಯ ಒಂದೇ ಎಳೆ. ಅಷ್ಟು ಸಾಕು.

ಐದನೆಯದನ್ನು ಕಾಕಾಗೆ ಒಯ್ದೆ. ಅಂಗೈ ಮೇಲೆ ನಾಲ್ಕು ಸಲ ತೀಡಿ, ನನ್ನನ್ನೇ ಕುರ್ಚಿಗೆ ಕೂರಿಸಿದರು. ಎಡಗೆನ್ನೆ ಮುಗಿಯಿತು. "ಗದ್ದದ ಕಡಿ ಸ್ವಲ್ಪ ಹಿಡಿಲಾಕತ್ತದ. ಇನ್ನೊಮ್ಮೆ ಕಲ್ಲಿಗೆ ಹಾಕು" ಅಂದರು. ಬಲಗೆನ್ನೆಗೆ ಅರ್ಧ ಬ್ಲೇಡ್ ಮುರಿದು ಹಾಕಿಕೊಂಡರು.