ರಿಸಲ್ಟ್ ಬರುವ ಮೊದಲೇ ಬರೆದಿಟ್ಟ ಚೀಟಿ

ಮೊದಲೇ ಹೇಳಿಬಿಡುತ್ತೇನೆ, ನಮಗೆ ಮಗು ಆಗಿಲ್ಲ. ಪಾಸಿಟಿವ್ ಬರಿಸಿಕೊಳ್ಳುವ ಉಪಾಯ ಹುಡುಕುತ್ತಿರುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಮಗುವಿಗಾಗಿ ಏಳೆಂಟು ವರ್ಷ ಚಿಕಿತ್ಸೆಯ ಗಾಣ ಸುತ್ತಿದ ಮೇಲೂ ನಾನು, ಇವರು ಒಂದೇ ಮನೆಯಲ್ಲಿ ನಗುನಗುತ್ತಾ ಇದ್ದೇವೆ. ಸಾಲ ಇಲ್ಲ. ರಾತ್ರಿ ನಿದ್ದೆ ಬರುತ್ತದೆ. ಅದು ಹೇಗಾಯ್ತು ಅನ್ನೋದಷ್ಟೇ ಇಲ್ಲಿನ ವಿಷಯ. ಟೆಸ್ಟಿನ ರಿಸಲ್ಟ್ ಬರುವ ಮೊದಲೇ, ಏನು ಬಂದರೆ ಏನು ಮಾಡುವುದು ಅಂತ ಚೀಟಿ ಬರೆದಿಡುವ ನಮ್ಮ ಪದ್ಧತಿ ಕೇಳಿ ನಕ್ಕವರೇ ಜಾಸ್ತಿ. "ನೆಗೆಟಿವ್ ಬಂದ್ರೆ ಅಂತ ಬರೆದಿಟ್ರೆ ನೆಗೆಟಿವ್ವೇ ಬರೋದು ಕಣೇ" ಅಂತ ಅಕ್ಕ ಬೈದಿದ್ದಳು. ಈಗ ಅವಳೇ ಗೊತ್ತಿರುವವರಿಗೆಲ್ಲ ನನ್ನ ನಂಬರ್ ಕೊಡುತ್ತಿದ್ದಾಳೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಎಎಂಎಚ್ (ಅಂಡ ಎಷ್ಟು ಉಳಿದಿದೆ ಅಂತ ಅಂದಾಜಿಸುವ ರಕ್ತ ಪರೀಕ್ಷೆ), ಫಾಲಿಕಲ್ ಸ್ಕ್ಯಾನ್ (ಅಂಡ ಬೆಳೆಯುವುದನ್ನು ನೋಡುವ ಸ್ಕ್ಯಾನ್), ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ), ಬೀಟಾ (ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಇವನ್ನೆಲ್ಲ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಒಂದು ವರ್ಷ ಈ ದಾರಿಯಲ್ಲಿ ನಡೆದವರಿಗೆ ಅವು ಬಾಯಿಪಾಠ.

ಮೊದಮೊದಲು ಹಿಡಿದ ದಾರಿಗಳು ಒಂದೊಂದಾಗಿ ಕೈಕೊಟ್ಟವು. ಮೊದಲನೆಯದು ಮೌನ. ನನಗೆ ನೋವಾಗುತ್ತದೆ ಅಂತ ಇವರು ಬಾಯಿ ಬಿಡುತ್ತಿರಲಿಲ್ಲ. ಇವರಿಗೆ ಚಿಂತೆಯೇ ಇಲ್ಲವಲ್ಲ ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ನಾಲ್ಕೈದು ತಿಂಗಳಲ್ಲಿ ಅದು ಜಗಳವಾಗಿ ಹೊರಗೆ ಬಂತು. ಆಮೇಲೆ ಪೂರ್ತಿ ಉಲ್ಟಾ. ಹೊತ್ತಿಲ್ಲ ಗೊತ್ತಿಲ್ಲ, ಅದೇ ಮಾತು. ಹಲ್ಲುಜ್ಜುವಾಗ ಗರ್ಭಕೋಶದ ಲೈನಿಂಗ್ (ಒಳಪದರ) ಎಷ್ಟು ಮಿಲಿಮೀಟರ್, ಊಟದ ಮಧ್ಯೆ ಇವರ ವೀರ್ಯಾಣು ಕೌಂಟ್, ಮಲಗುವ ಹೊತ್ತಿಗೆ ಮುಂದಿನ ತಾರೀಖು. ಹಾಸಿಗೆಯಲ್ಲೂ ಡ್ಯೂಟಿ. ಇದು ಮೌನಕ್ಕಿಂತ ಕಷ್ಟವಾಯ್ತು.

ಡೈರಿ ಬರೆದೂ ನೋಡಿದೆ. ಮನಸ್ಸಿನಲ್ಲಿ ಇರುವ ನೋವನ್ನು ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯ್ತು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಅದರಲ್ಲಿ ಬರೆಸಿದ್ದು ದಿನಕ್ಕೆ ಹದಿನೈದು ನಿಮಿಷ, ನಾಲ್ಕೇ ದಿನ, ಅದೂ ಆಗಿಹೋದ ಆಘಾತದ ಬಗ್ಗೆ. ನಮ್ಮದು ಆಗಿಹೋದದ್ದಲ್ಲವಲ್ಲ, ಪ್ರತಿ ತಿಂಗಳೂ ಹೊಸದಾಗಿ ಆಗುವುದು. ತಿಂಗಳುಗಟ್ಟಲೆ ಬರೆದೆ. ಹಿಂದಿರುಗಿ ನೋಡಿದರೆ ಪ್ರತಿ ಪುಟದಲ್ಲೂ ಅವೇ ನಾಲ್ಕು ವಾಕ್ಯ. ಧ್ಯಾನದ ಆ್ಯಪ್‌ಗೂ ದುಡ್ಡು ಕಟ್ಟಿದ್ದೆವು. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಕೆಲಸ ಮಾಡಿದ ಮೊದಲ ಉಪಾಯ ಅಂದರೆ ಮಾತಿಗೊಂದು ಟೈಮ್ ಇಟ್ಟದ್ದು. ಚಿಂತೆ ಮಾಡಲು ಅಂತಲೇ ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು ಇಟ್ಟುಕೊಳ್ಳಿ, ಉಳಿದ ಹೊತ್ತು ಬಂದದ್ದನ್ನು ಅಲ್ಲಿಗೆ ಮುಂದೂಡಿ ಅನ್ನುವ ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ್ದರು. ನಾವು ಅರ್ಧ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆವು. ಫೋನಿನಲ್ಲಿ ಅಲಾರಂ. ಮೊದಲ ಹತ್ತು ನಿಮಿಷ ನನ್ನದು, ಇವರು ನಡುವೆ ಬಾಯಿ ಹಾಕುವಂತಿಲ್ಲ, ಸಮಾಧಾನವನ್ನೂ ಹೇಳುವಂತಿಲ್ಲ. ಆಮೇಲೆ ಹತ್ತು ಇವರದು. ಮೊದಲ ವಾರ ಇವರ ಹತ್ತು ನಿಮಿಷದಲ್ಲಿ ಎಂಟು ಸುಮ್ನೆ ಹೋಗುತ್ತಿತ್ತು. ಮೂರನೇ ವಾರದ ಹೊತ್ತಿಗೆ ಅಲಾರಂ ಆದಮೇಲೂ ಇವರ ಮಾತು ನಿಲ್ಲುತ್ತಿರಲಿಲ್ಲ. ರಿಪೋರ್ಟಿನಲ್ಲಿ ತನ್ನ ಅಂಕಿ ಕಡಿಮೆ ಬಂದಾಗ ಆಫೀಸಿನ ಟಾಯ್ಲೆಟ್ಟಿನಲ್ಲಿ ಕೂತು ಅತ್ತದ್ದನ್ನು ಇವರು ಹೇಳಿದ್ದು ಆಗಲೇ. ಎದುರುಬದುರು ಕೂರುವುದಕ್ಕಿಂತ ನಡೆಯುತ್ತಾ ಮಾತಾಡಿದರೆ ಗಂಡಸರು ಬೇಗ ಬಾಯಿ ಬಿಡುತ್ತಾರೆ. ಇದು ನನ್ನ ಸ್ವಂತ ಸಂಶೋಧನೆ, ಯಾರೂ ನಂಬಬೇಕಾಗಿಲ್ಲ.

"ಟೆನ್ಷನ್ ಬಿಟ್ಟುಬಿಡಿ, ತಾನಾಗೇ ಆಗತ್ತೆ" ಅನ್ನೋರಿಗೂ ಇಲ್ಲೇ ಒಂದು ಮಾತು. 2011ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಜ್ಯಾಕಿ ಬೊಯ್ವಿನ್ ಮತ್ತು ಜೊತೆಗಾರರು 14 ಅಧ್ಯಯನಗಳನ್ನು, ಮೂರೂವರೆ ಸಾವಿರ ಹೆಂಗಸರ ಲೆಕ್ಕವನ್ನು ಒಟ್ಟು ಹಾಕಿ ನೋಡಿದರು. ಚಿಕಿತ್ಸೆಗೆ ಮೊದಲು ಇದ್ದ ಆತಂಕ, ಬೇಸರಕ್ಕೂ ಆ ಸೈಕಲ್‌ನಲ್ಲಿ (ಆ ಒಂದು ಸುತ್ತಿನ ಚಿಕಿತ್ಸೆಯಲ್ಲಿ) ಗರ್ಭ ನಿಂತದ್ದಕ್ಕೂ ಸಂಬಂಧ ಕಾಣಲಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ ಅದು. ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದ್ದೆ. ಅತ್ತೆ ಓದಿದರೋ ಇಲ್ಲವೋ, ಆ ಮಾತು ಮಾತ್ರ ನಿಂತಿತು.

ಈಗ ಚೀಟಿಯ ವಿಷಯ. ನಿಯಮ ಇಷ್ಟೇ: ಬೀಟಾ ಟೆಸ್ಟಿಗೆ ರಕ್ತ ಕೊಡುವ ಮೊದಲು, ತಲೆ ನೆಟ್ಟಗಿರುವಾಗ, ಏನು ಬಂದರೆ ಏನು ಮಾಡುವುದು ಅಂತ ಇಬ್ಬರೂ ಕೂತು ಬರೆಯುವುದು. ಇಬ್ಬರ ಸಹಿ. ರಿಸಲ್ಟ್ ಬಂದ ಮೇಲೆ ಒಂದು ತಿಂಗಳು ಅದನ್ನು ತಿದ್ದುವಂತಿಲ್ಲ. ಯಾಕೆಂದರೆ ನೆಗೆಟಿವ್ ಬಂದ ದಿನ ಮನುಷ್ಯ ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಾನೆ. ಮುಂದಿನ ಪ್ಯಾಕೇಜ್ ಮಾತು ಬರುವುದೂ ಅದೇ ದಿನ. ಒಂದು ಚೀಟಿ ಹೀಗಿತ್ತು:

"ಪಾಸಿಟಿವ್ ಬಂದರೆ: 48 ಗಂಟೆ ಬಿಟ್ಟು ಎರಡನೇ ಬೀಟಾ. ಸ್ಕ್ಯಾನಿನಲ್ಲಿ ಎದೆಬಡಿತ ಕಾಣುವವರೆಗೆ ಯಾರಿಗೂ ಹೇಳುವುದಿಲ್ಲ. ನೆಗೆಟಿವ್ ಬಂದರೆ: ಇಬ್ಬರಿಗೂ ರಜೆ. ಅಕ್ಕನಿಗೆ ಮೆಸೇಜ್ ಮಾಡುವುದು ಇವರು. ಮುಂದಿನ ಸೈಕಲ್ ಮಾತು ಎರಡು ಪೀರಿಯಡ್ ಆದಮೇಲೆ. ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟುವುದಿಲ್ಲ. ಎರಡೂ ಅಲ್ಲದಿದ್ದರೆ: ಎರಡನೇ ಬೀಟಾ ಬರುವವರೆಗೆ ನೆಗೆಟಿವ್ ಅಂತಲೇ ಲೆಕ್ಕ, ಆದರೆ ಡಾಕ್ಟರ್ ಹೇಳುವವರೆಗೆ ಔಷಧಿ ನಿಲ್ಲಿಸುವುದಿಲ್ಲ."

ಮೂರನೇ ಭಾಗ ಆಮೇಲೆ ಸೇರಿದ್ದು. ಒಂದು ಸಲ ಬೀಟಾ ಮೂವತ್ತರ ಹತ್ತಿರ ಬಂತು. ಪಾಸಿಟಿವ್ ಹೌದು, ಕುಣಿಯುವಂಥದ್ದಲ್ಲ. ಎರಡು ದಿನದಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟಾಗಬೇಕು, ಅಲ್ವಾ? ನಮ್ಮದು ಹತ್ತೊಂಬತ್ತೋ ಇಪ್ಪತ್ತೋ ಆಯ್ತು. ಚೀಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಆ ಎರಡು ದಿನ ನಮ್ಮ ಪದ್ಧತಿ ಪೂರ್ತಿ ಕುಸಿಯಿತು. ಇಪ್ಪತ್ತು ನಿಮಿಷದ ನಿಯಮವೂ ಹೋಯ್ತು, ರಾತ್ರಿ ಇಡೀ ಅದೇ ಮಾತು. ಚೀಟಿಯನ್ನು ಬಿಟ್ಟುಬಿಡೋಣ ಅಂತ ಇವರೇ ಅಂದರು. ನಾನು ಹಟ ಹಿಡಿದೆ. ಮುಂದಿನ ಸೈಕಲ್‌ಗೆ ಮೂರು ಭಾಗದ ಚೀಟಿ ತಯಾರಾಯ್ತು.

ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಟ್ರಾನ್ಸ್‌ಫರ್ ಆದಮೇಲಿನ ಎರಡು ವಾರ ಬೇರೆಯೇ ಲೋಕ. ಸ್ತನದ ನೋವು, ಹೊಟ್ಟೆ ಉಬ್ಬರ ಎಲ್ಲ ಪ್ರೊಜೆಸ್ಟರಾನ್ ಔಷಧಿಯಿಂದಲೂ ಬರುತ್ತದೆ ಅಂತ ಗೊತ್ತಿದ್ದೂ ಲೆಕ್ಕ ಹಾಕುತ್ತಾ ಕೂರುತ್ತೇವೆ. ನಾನು ಒಂದು ಪ್ರಯೋಗ ಮಾಡಿದೆ. ಒಂದು ಐಯುಐ ಸೈಕಲ್‌ನಲ್ಲಿ ಅಂಡ ಬಿಡುಗಡೆಯಾಗಲಿ ಅಂತ ಕೊಡುವ ಎಚ್‌ಸಿಜಿ ಟ್ರಿಗರ್ ಇಂಜೆಕ್ಷನ್ ಆದ ಮಾರನೇ ದಿನದಿಂದ ದಿನಾ ಬೆಳಿಗ್ಗೆ ಒಂದು ಪ್ರೆಗ್ನೆನ್ಸಿ ಸ್ಟ್ರಿಪ್ (ಅದು ಹುಡುಕುವುದೂ ಇದೇ ಎಚ್‌ಸಿಜಿಯನ್ನೇ). ಎಲ್ಲವನ್ನೂ ಸಾಲಾಗಿ ಒಂದು ಬಿಳಿ ಹಾಳೆಗೆ ಅಂಟಿಸಿ ಕೆಳಗೆ ತಾರೀಖು ಬರೆದೆ. ಮೊದಲ ದಿನಗಳಲ್ಲಿ ಎರಡನೇ ಗೆರೆ ಕಡುಗುಲಾಬಿ. ವಾರದ ಹೊತ್ತಿಗೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಹತ್ತನೇ ದಿನದ ಆಸುಪಾಸಿನಲ್ಲಿ ಮಾಯ. ಅದು ಮಗುವಿನ ಗೆರೆ ಅಲ್ಲ, ಇಂಜೆಕ್ಷನ್ನಿನ ಗೆರೆ. ಕೆಲವರಿಗೆ ಎರಡು ವಾರದವರೆಗೂ ಉಳಿಯಬಹುದು. ಆ ಹಾಳೆ ನೋಡಿದ ಮೇಲೆ ಮನೆಯಲ್ಲಿ ಟೆಸ್ಟ್ ಮಾಡುವ ಚಟ ಹೋಯ್ತು. ಸ್ಟ್ರಿಪ್ಪಿಗೆ ಸುರಿದ ದುಡ್ಡಿನಲ್ಲಿ ಒಂದು ಒಳ್ಳೇ ಜೊತೆ ಶೂ ಬರುತ್ತಿತ್ತು, ಇರಲಿ.

ಈ ಎರಡು ವಾರಕ್ಕೆ ಇನ್ನೊಂದು ಸಾಧನ ಇದೆ. ಬೊಯ್ವಿನ್ ಅವರೇ ಡೆಬೊರಾ ಲ್ಯಾಂಕಾಸ್ಲ್ ಜೊತೆ ಸೇರಿ ಮಾಡಿದ್ದು. ಒಂದು ಸಣ್ಣ ಕಾರ್ಡ್, ಅದರಲ್ಲಿ ಹತ್ತು ವಾಕ್ಯ, ದಿನಕ್ಕೆ ಎರಡು ಸಲವಾದರೂ ಓದಬೇಕು. "ಎಲ್ಲಾ ಸರಿಯಾಗುತ್ತದೆ" ಅನ್ನುವ ಥರದ್ದಲ್ಲ. ಇರುವ ಪರಿಸ್ಥಿತಿಯಲ್ಲೇ ಒಳ್ಳೆಯದು ಏನಾದರೂ ಇದೆಯಾ ಅಂತ ಕಣ್ಣು ತಿರುಗಿಸುವಂಥದ್ದು. ಓದಿದಾಗ ನನಗೆ ನಗು ಬಂತು. ನನ್ನದೇ ಮಾತಿನಲ್ಲಿ ಹತ್ತು ವಾಕ್ಯ ಬರೆದುಕೊಂಡ ಮೇಲೆ ಹಿಡಿಸಿತು. ಆ ಹತ್ತನ್ನು ಇಲ್ಲಿ ಕೊಡುವುದಿಲ್ಲ. ಒಬ್ಬರದು ಇನ್ನೊಬ್ಬರಿಗೆ ಹತ್ತುವುದಿಲ್ಲ, ಗೆಳತಿಯೊಬ್ಬಳಿಗೆ ಕೊಟ್ಟು ನೋಡಿಯಾಗಿದೆ.

ದುಡ್ಡಿನ ಮಾತಿಗೆ ಬರೋಣ. ನಮ್ಮ ಒಂದು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಸೈಕಲ್ ಅಂದರೆ ಇಬ್ಬರ ಸಂಬಳ ಸೇರಿ ಮೂರು ನಾಲ್ಕು ತಿಂಗಳಿನದು. ಬ್ರಿಟನ್ನಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿ 2015ರಲ್ಲಿ ಬಂದ ಅಧ್ಯಯನದಲ್ಲಿ, ಮೊದಲ ಸೈಕಲ್‌ನಲ್ಲಿ ಮಗು ಹುಟ್ಟಿದ್ದು ನೂರಕ್ಕೆ 30ರಷ್ಟು, ಆರು ಸೈಕಲ್ ಸೇರಿಸಿದರೆ 65ರಷ್ಟು. ನಲವತ್ತು ದಾಟಿ ಸ್ವಂತ ಅಂಡದಲ್ಲೇ ಮಾಡುವವರಿಗೆ ತುಂಬಾ ಕಡಿಮೆ. ಅಂದರೆ ಒಂದಕ್ಕೆ ಅಂತ ದುಡ್ಡು ಕೂಡಿಸಿ ಅದೃಷ್ಟ ನೋಡೋದು ದಡ್ಡತನ. ಕೆಲವು ಸೈಕಲ್‌ಗೆ ಸಾಲುವಷ್ಟು ಮೊದಲೇ ತೆಗೆದಿಡಬೇಕು, ಅದು ಮುಗಿದರೆ ಮುಗಿಯಿತು. ನಮ್ಮಿಬ್ಬರ ಸುಮಾರು ಒಂದು ವರ್ಷದ ಸಂಬಳ ಬೇರೆ ಖಾತೆಗೆ ಹಾಕಿದೆವು. ಸಾಲ, ಒಡವೆ, ಅಪ್ಪ ಅಮ್ಮನ ಉಳಿತಾಯ ಯಾವುದನ್ನೂ ಮುಟ್ಟುವಂತಿಲ್ಲ. "ಮಗುವಿಗೂ ಬಜೆಟ್ ಹಾಕ್ತೀರಾ?" ಅಂತ ಕೇಳಿದವರು ಎಷ್ಟೋ ಜನ. ಹೌದು, ಹಾಕಿದೆವು.

ಆಮೇಲೆ ಖಾತೆ ತೆಗೆದು ನೋಡಿದರೆ ಕಾಲು ಭಾಗಕ್ಕೂ ಜಾಸ್ತಿ ಹೋದದ್ದು ಚಿಕಿತ್ಸೆಗಲ್ಲ. ಓಡಾಟ, ಸಂಬಳವಿಲ್ಲದ ರಜೆ, ಹೆಸರೂ ನೆನಪಿಲ್ಲದ ಮಾತ್ರೆಗಳು, ಮತ್ತೆ ಮತ್ತೆ ಅದೇ ಟೆಸ್ಟ್. ಇವರ ವೀರ್ಯ ಪರೀಕ್ಷೆಯನ್ನು ತಿಂಗಳಿಗೊಂದು ಸಲ ಮಾಡಿಸುತ್ತಿದ್ದ ಕಾಲವೂ ಇತ್ತು. ವೀರ್ಯಾಣು ತಯಾರಾಗುವುದಕ್ಕೇ ಎರಡೂವರೆ ತಿಂಗಳ ಹತ್ತಿರ ಬೇಕು. ಇವರು ಸಿಗರೇಟ್ ಬಿಟ್ಟ ಗುಣ ರಿಪೋರ್ಟಿನಲ್ಲಿ ಕಾಣಬೇಕಾದರೆ ಮೂರು ತಿಂಗಳು ಕಾಯಲೇಬೇಕು. ಮಧ್ಯದ ರಿಪೋರ್ಟುಗಳೆಲ್ಲ ದಂಡ.

ಚೀಟಿ ದುಡ್ಡು ಉಳಿಸಿದ್ದು ಆ್ಯಡ್ ಆನ್, ಅಂದರೆ ಮುಖ್ಯ ಚಿಕಿತ್ಸೆಯ ಮೇಲೆ ಸೇರಿಸುವ ಹೆಚ್ಚುವರಿಗಳ ವಿಷಯದಲ್ಲಿ. ಒಂದು ಸಲ ಗರ್ಭಕೋಶದ ಒಳಪದರ ಕೆರೆಯುವ ಸ್ಕ್ರ್ಯಾಚಿಂಗ್ ಮಾಡಿಸಿಕೊಳ್ಳಿ ಅಂದರು. ನಮ್ಮ ಚೀಟಿಯಲ್ಲಿ "ಹೊಸದು ಏನೇ ಹೇಳಿದರೂ ಒಂದು ವಾರ ಓದಿ ಆಮೇಲೆ ಉತ್ತರ" ಅಂತ ಇತ್ತು. ಓದಿದೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 1,300ಕ್ಕೂ ಹೆಚ್ಚು ಹೆಂಗಸರ ಪ್ರಯೋಗ ಬಂದಿತ್ತು. ಮಾಡಿಸಿಕೊಂಡವರಲ್ಲೂ ಮಗು ಹುಟ್ಟಿದ್ದು ನೂರಕ್ಕೆ 26, ಮಾಡಿಸಿಕೊಳ್ಳದವರಲ್ಲೂ 26. ಮುಂದಿನ ಭೇಟಿಯಲ್ಲಿ ಅದನ್ನೇ ಹೇಳಿದೆ. ಡಾಕ್ಟರ್ ಒಂದು ಕ್ಷಣ ನನ್ನ ಮುಖ ನೋಡಿ, "ಹಾಗಾದ್ರೆ ಬಿಡಿ" ಅಂದರು. ಅವತ್ತು ವಾಪಸ್ ಬರುವಾಗ ಇವರು ದಾರಿಯುದ್ದಕ್ಕೂ ನನ್ನನ್ನು "ಮೇಡಂ" ಅಂತಲೇ ಕರೆದರು.

"ಏನಾದ್ರೂ ವಿಶೇಷ?" ಅನ್ನುವವರಿಗೆ ನಾವಿಬ್ಬರೂ ಕೊಡುವ ಒಂದೇ ಒಂದು ಉತ್ತರ ಇದೆ. ಐದಾರು ಪದದ್ದು. ಮತ್ತೆ ಯಾರೂ ಕೇಳಿಲ್ಲ. ಅದನ್ನು ಬರೆಯಲ್ಲ, ನೆಂಟರೂ ಓದುತ್ತಾರೆ.

ಇದೆಲ್ಲ ನಿಜಕ್ಕೂ ಕೆಲಸ ಮಾಡಿತಾ ಅಂತ ಅಳೆಯುವುದು ಹೇಗೆ? ನಾವು ಬಳಸಿದ್ದು ಫರ್ಟಿಕ್ಯೂಓಎಲ್ (FertiQoL) ಅನ್ನುವ, ಮಗು ಆಗದವರ ಬದುಕಿನ ಗುಣಮಟ್ಟ ಅಳೆಯುವ ಪ್ರಶ್ನಾವಳಿ. 36 ಪ್ರಶ್ನೆ, ದುಡ್ಡು ಕೊಡಬೇಕಾಗಿಲ್ಲ, ಸೊನ್ನೆಯಿಂದ ನೂರರವರೆಗೆ ಅಂಕ. ಜಾಸ್ತಿ ಬಂದಷ್ಟೂ ಬದುಕು ಸಲೀಸು. ಶುರುವಿನಲ್ಲಿ ನನ್ನದು ನಲವತ್ತರ ಹತ್ತಿರ, ಇವರದು ಐವತ್ತೈದರ ಮೇಲೆ. ಚೀಟಿ ಶುರುವಾಗಿ ಒಂದೂವರೆ ವರ್ಷದ ಹೊತ್ತಿಗೆ ನನ್ನದು ಅರವತ್ತು ದಾಟಿತು. ಇವರದು ಮೊದಲು ಇಳಿಯಿತು! ಅಲ್ಲಿಯವರೆಗೆ ಒಳಗಿಟ್ಟುಕೊಂಡದ್ದು ಹೊರಗೆ ಬಂದದ್ದಕ್ಕೆ ಅಂತ ನನ್ನ ಅಂದಾಜು. ಆಮೇಲೆ ಏರಿತು. ಇಬ್ಬರೂ ಬೇರೆ ಬೇರೆ ಕೂತು ತುಂಬಬೇಕು, ಇಲ್ಲದಿದ್ದರೆ ಒಬ್ಬರ ಮುಖ ನೋಡಿ ಇನ್ನೊಬ್ಬರು ಉತ್ತರ ಬರೆಯುತ್ತಾರೆ.

ನಿದ್ದೆ, ಊಟ ಪೂರ್ತಿ ಬಿಟ್ಟುಹೋಗಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಚೀಟಿ ಸಾಲದು. ಮೊದಲು ಕೌನ್ಸೆಲರ್ ಅಥವಾ ಮಾನಸಿಕ ವೈದ್ಯರ ಹತ್ತಿರ ಹೋಗಿ.

ಖಾತೆ ಖಾಲಿಯಾಗುವ ಹೊತ್ತಿಗೆ ಬರೆದ ಕೊನೆಯ ಚೀಟಿಯಲ್ಲಿ "ನೆಗೆಟಿವ್ ಬಂದರೆ ಇಲ್ಲಿಗೆ ಸಾಕು. ಆರು ತಿಂಗಳು ಯಾವ ನಿರ್ಧಾರವೂ ಇಲ್ಲ. ಆಮೇಲೆ ಬೇಕಾದರೆ ದತ್ತು ಮಾತು" ಅಂತ ಇತ್ತು. ನೆಗೆಟಿವ್ ಬಂತು. ಇನ್ನೊಂದೇ ಒಂದು ಸಲ ಅಂತ ಅಕ್ಕ ತನ್ನ ದುಡ್ಡು ಕೊಡಲು ಬಂದಳು. ನನ್ನ ಬಾಯಲ್ಲೂ ಹೂಂ ಅಂತ ಬರುವುದರಲ್ಲಿತ್ತು. ಇವರು ಎದ್ದುಹೋಗಿ ಚೀಟಿ ತಂದು ಮೇಜಿನ ಮೇಲಿಟ್ಟರು, ಏನೂ ಮಾತಾಡಲಿಲ್ಲ. ಮೊದಲ ಎರಡು ಮೂರು ತಿಂಗಳು ಕೆಟ್ಟದಾಗಿದ್ದವು, ನನ್ನ ಅಂಕ ಮತ್ತೆ ಐವತ್ತರ ಕೆಳಗೆ ಬಂತು. ವರ್ಷ ತುಂಬುವಾಗ ಎಪ್ಪತ್ತರ ಹತ್ತಿರ. ದತ್ತು ಮಾತು ಇನ್ನೂ ಇಪ್ಪತ್ತು ನಿಮಿಷದಲ್ಲೇ ಇದೆ.

ಶುರು ಮಾಡುವವರಿಗೆ ಎರಡು ವಿಷಯ. ದುಡ್ಡಿನ ಮಿತಿಯನ್ನು ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಬರೆಯಿರಿ, ಎರಡರಲ್ಲಿ ಚಿಕ್ಕದನ್ನು ಹಿಡಿಯಿರಿ. ದೊಡ್ಡದನ್ನು ಹಿಡಿದ ಜೋಡಿಗಳ ಜಗಳ ಕೇಳಿದ್ದೇನೆ. ಇನ್ನೊಂದು, ಫ್ರೀಜ್ ಮಾಡಿದ ಭ್ರೂಣ ಉಳಿದರೆ ಏನು ಮಾಡುವುದು ಅಂತ ಮೊದಲನೇ ಚೀಟಿಯಲ್ಲೇ ಬರೆದಿಡಿ. ಎಷ್ಟು ವರ್ಷ ಇಡುವುದು, ಆಮೇಲೆ ಏನು, ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಏನು. ಇಡುವುದಕ್ಕೆ ವರ್ಷ ವರ್ಷ ಫೀಸ್ ಇರುತ್ತದೆ. ಬಿಲ್ ಕೈಯಲ್ಲಿ ಹಿಡಿದು ಕೂತು ಯೋಚಿಸುವ ವಿಷಯ ಅಲ್ಲ ಅದು.